ಕಾನ್ಸ್ಟ್ ಅಂತೂ ಬರೆದಿದ್ದೆ

ನನ್ನ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಸಂಶಯದಿಂದ ನೋಡಲು ಕಲಿಸಿದರು. ಉಳಿದ ಪಾಠ ಮರೆತು ಅದೊಂದನ್ನು ಉಳಿಸಿಕೊಂಡೆ. ಮನೆಗೆ ಬೀಗ ಹಾಕಿ ಮೆಹದಿಪಟ್ಟಣಂ ತನಕ ಬಂದು, ಹಾಕಿದೆನೋ ಇಲ್ಲವೋ ಎಂದು ಎದುರು ಬಸ್ಸು ಹತ್ತಿ ಮರಳಿದವನು ನಾನು. ಬೀಗ ಹಾಕಿಯೇ ಇರುತ್ತದೆ. ಕೀಲಿ ಅದರಲ್ಲೇ ನೇತಾಡುತ್ತಿರುತ್ತದೆ.

ಇಂಥವನಿಗೆ ಕಂಪೈಲರ್ ಮೇಲೆ ಭಕ್ತಿ ಹುಟ್ಟದೆ ಇದ್ದೀತೆ? ನಾವು ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ತಿಳಿಯುವಂತೆ ಮಾಡಿಕೊಡುವ ಈ ಮಹಾರಾಯ, ಯಾವುದನ್ನು ಎಲ್ಲಿಟ್ಟೆ ಎಂದು ತಲೆ ಕೆರೆದುಕೊಂಡದ್ದೇ ಇಲ್ಲ. ಬದಲಾಗುವ ಅಂಕಿಗಳಿಗೆ ಬರೆದು ಅಳಿಸುವ ಸ್ಮೃತಿ, ಅಂದರೆ ರ‍್ಯಾಮ್. ಎಂದೂ ಬದಲಾಗದು ಎಂದು ನಾವು 'ಕಾನ್ಸ್ಟ್' ಬರೆದುಕೊಟ್ಟರೆ, ಓದಲಷ್ಟೇ ಬರುವ ವಿಭಾಗ. ನಮ್ಮ ಚಿಪ್ಪಿನಲ್ಲಿ ಅದು ಫ್ಲ್ಯಾಶ್ ಎಂಬ ಕಾಯಂ ಸ್ಮೃತಿ. ನಮ್ಮತ್ತೆಯ ಶೋಕೇಸಿನ ಪಿಂಗಾಣಿಯ ಹಾಗೆ, ನೋಡಬಹುದು, ಮುಟ್ಟುವಂತಿಲ್ಲ.

ಸನತ್‌ನಗರದ ನಮ್ಮ ಪುಟ್ಟ ಕಂಪನಿಯಲ್ಲಿ ಮೋಟರುಗಳ ವೇಗ ನಿಯಂತ್ರಿಸುವ ಬೋರ್ಡು ಮಾಡುತ್ತೇವೆ. ಯಾವಾಗ ಎಷ್ಟು ವೇಗ ಎಂಬ ಪಟ್ಟಿ ಪ್ರೋಗ್ರಾಮಿನಲ್ಲೇ ಇರುತ್ತದೆ. ಅವತ್ತು ಮಧ್ಯಾಹ್ನ ಗಿರಾಕಿ ಬರುವವನಿದ್ದ. ಬೆಳಿಗ್ಗೆ ನೋಡಿದರೆ, ಮೋಟರು ವೇಗ ಹಿಡಿಯುತ್ತಿದ್ದಂತೆ ನನ್ನ ಬೋರ್ಡು ಸ್ತಬ್ಧ. ರ‍್ಯಾಮ್ ಸಾಲುತ್ತಿರಲಿಲ್ಲ.

"ಆ ವೇಗದ ಪಟ್ಟಿ ಭಾಳ ದೊಡ್ಡದೈತಿ. ಕಾನ್ಸ್ಟ್ ಹಾಕೀರೇನ್ರಿ?" ಪಕ್ಕದ ಮೇಜಿನ ಸಹೋದ್ಯೋಗಿ, ಬೀದರಿನ ಸವಿತಾ ಕೇಳಿದರು.

"ಹಾಕಿದ್ದೇನೆ" ಎಂದೆ. ಹೇಳಿದೊಡನೆ ಬೀಗದ ಸಂಶಯ ಶುರುವಾಯಿತು.

"ನಿಮ್ಮ ಮಾತು ಗೊತ್ತೈತಿ ಬಿಡ್ರಿ. ಹೋದ ವಾರ ಡಬ್ಬಿ ತಂದೀನಿ ಅಂದವರು ನನ್ನ ಡಬ್ಬಿದಾಗ ಅರ್ಧ ಉಂಡ್ರಿ."

ತೆರೆದು ನೋಡಿದೆವು. ಕಾನ್ಸ್ಟ್ ಇತ್ತು. ನಾನು ಎದೆಯುಬ್ಬಿಸಿ ಕಂಪೈಲರೇ ತಪ್ಪಿರಬೇಕು ಎನ್ನುವಷ್ಟರಲ್ಲಿ ಸವಿತಾ ತಪ್ಪು ಹುಡುಕುವ ಡಿಬಗ್ಗರಿನಲ್ಲಿ ಪಟ್ಟಿ ಕೂತ ಜಾಗದ ವಿಳಾಸ ನೋಡಿದರು. "ಇದು ಫ್ಲ್ಯಾಶಿನ ವಿಳಾಸ ಅಲ್ರಿ, ಸ್ಟ್ಯಾಕಿಂದು. ಫಂಕ್ಷನ್ ಒಳಗ ಬರ್ದೀರಿ, ನೋಡ್ರಿ."

ಸ್ಟ್ಯಾಕ್ ಎಂದರೆ ರ‍್ಯಾಮಿನಲ್ಲೇ, ಫಂಕ್ಷನ್ ಎಂಬ ಪ್ರೋಗ್ರಾಮಿನ ತುಣುಕು ನಡೆಯುವಷ್ಟು ಹೊತ್ತು ಸಿಗುವ ಜಾಗ. ಕೆಲಸ ಮುಗಿದೊಡನೆ ಖಾಲಿ ಮಾಡಬೇಕು. ನಾನು ಪಟ್ಟಿಯನ್ನು ಫಂಕ್ಷನ್ ಒಳಗೆ ಬರೆದದ್ದರಿಂದ, ಅದನ್ನು ಕರೆದಾಗಲೆಲ್ಲ ಕಂಪೈಲರಿನ ಅಪ್ಪಣೆಯಂತೆ ಫ್ಲ್ಯಾಶಿನಲ್ಲಿದ್ದ ಮೂಲದಿಂದ ಇಡೀ ನಕಲು ಸ್ಟ್ಯಾಕಿಗೆ ಬಂದು ಬೀಳುತ್ತಿತ್ತು. ಕಾನ್ಸ್ಟ್ ಎನ್ನುವುದು 'ಬದಲಿಸಬೇಡ' ಎಂಬ ಮಾತು ಮಾತ್ರ. 'ಇಲ್ಲೇ ಕಾಯಂ ಇರು' ಎನ್ನಲು 'ಸ್ಟ್ಯಾಟಿಕ್' ಬೇಕು. ಅದನ್ನೂ ಬರೆದೆ. ಪಟ್ಟಿ ಫ್ಲ್ಯಾಶಿನಲ್ಲೇ ನಿಂತಿತು, ಮೋಟರು ತಿರುಗಿತು, ಗಿರಾಕಿ ಇರಾನಿ ಚಹಾ ಕುಡಿದು ಒಪ್ಪಿಗೆ ಕೊಟ್ಟು ಹೋದ. ಅಪರೂಪಕ್ಕೆ ನೆನಪು ಸರಿಯಿದ್ದ ದಿನ ತಿಳುವಳಿಕೆ ಕೈಕೊಟ್ಟಿತ್ತು. ಕಂಪೈಲರ್ ಮಾತ್ರ ನಾನು ಬರೆದದ್ದನ್ನೇ ಚಾಚೂ ತಪ್ಪದೆ ಮಾಡಿತ್ತು.

ನನ್ನ ಹೆಂಡತಿ ಕಲಬುರಗಿಯವಳು. ಸಂಜೆ ಚಪ್ಪಲಿ ಬಿಡುತ್ತಲೇ ಅವಳಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿದಳು.

"ಛಲೋ ಆತು. ಬೇಗಂ ಬಜಾರಕ್ಕ ಹೋಗಿ ಹುಣಸಿಹಣ್ಣು ತರ್ರಿ ಅಂತ ಮುಂಜಾನಿ ಹೇಳಿದ್ನಲ್ಲ, ಅದನ್ನ ಎಲ್ಲಿ ಇಟ್ಟಿದ್ರಿ?"

ಸ್ಟ್ಯಾಕಿನಲ್ಲಿಟ್ಟಿದ್ದೆ. ಅವಳು ಹೇಳಿ ಮುಗಿಸಿದೊಡನೆ ಆ ಜಾಗ ಖಾಲಿಯಾಗಿತ್ತು.