ಪುಟ್ಟಿಯ ಅಂಗಿಯೂ ಅತ್ತಿಗೆಯ ಸೂಜಿಯೂ

ಆಪರೇಷನ್ನಿನ ಸುದ್ದಿ ಮೊದಲು ಕಿವಿಗೆ ಬಿದ್ದ ದಿನ ಟೈಲರಮ್ಮ ಮಿಷನ್ನಿನ ಮುಂದೆ ಕೂತು ನಾದಿನಿಯ ಅಂಗಿಯ ಬಗಲಿಗೆ ಪಟ್ಟಿ ಕೊಡುತ್ತಿದ್ದಳು. ನಾದಿನಿ ಅಂಚೆ ಕಚೇರಿಯ ಗುಮಾಸ್ತೆ. ಮನೆಯಲ್ಲಿ ಹೆಸರು ಪುಟ್ಟಿ. (ತೊಟ್ಟಿಲಲ್ಲಿ ಮಲಗಿದ್ದಾಗ ಇಟ್ಟ ಹೆಸರು; ಮುಂದಾಗುವುದು ಇಟ್ಟವರಿಗೇನು ಗೊತ್ತು?) ಟೈಲರಮ್ಮನ ಗಂಡ ತೀರಿಹೋದ ಮೇಲೆ ಆ ಮನೆಯಲ್ಲಿ ಉಳಿದವರು ಇವರಿಬ್ಬರೇ.

"ಅತ್ತಿಗೆ, ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ಮಾಡಿಸ್ಕೋತೀನಿ. ಮಂಡಿ ಕೇಳ್ತಿಲ್ಲ, ಸಕ್ಕರೆ ಇಳೀತಿಲ್ಲ. ಡಾಕ್ಟರು ಇನ್ನು ತಡ ಮಾಡಬೇಡಿ ಅಂದ್ರು."

ಟೈಲರಮ್ಮನ ಕಾಲು ಪೆಡಲ್ ಮೇಲೇ ನಿಂತಿತು. "ನನ್ನ ಹೊಲಿಗೇಲಿ ಏನು ಕಮ್ಮಿ ಆಯ್ತೇ? ಬೇಕಾದ್ರೆ ಬೆನ್ನಿಗೂ ಒಂದು ಪಟ್ಟಿ ಕೊಡ್ತೀನಿ. ಬಟ್ಟೆ ಹಿಗ್ಗಿಸೋದು ಬಿಟ್ಟು ಮನುಷ್ಯರನ್ನ ಕತ್ತರಿಸ್ತಾರಾ ಯಾರಾದ್ರೂ?"

"ಮನುಷ್ಯರನ್ನಲ್ಲ, ಹೊಟ್ಟೆ ಚೀಲನ."

"ಚೀಲ ಹೊಲಿಯೋಕೂ ನಾನಿಲ್ವಾ!"

ಪುಟ್ಟಿ ನಗಲಿಲ್ಲ. ಆಗ ಟೈಲರಮ್ಮನಿಗೆ ಇದು ತಮಾಷೆಯ ಮಾತಲ್ಲ ಎಂದು ಹೊಳೆಯಿತು.

ಆಪರೇಷನ್ನಿಗೆ ಮೊದಲು ಮನಸ್ಸಿನ ಡಾಕ್ಟರಮ್ಮನನ್ನು ನೋಡಬೇಕಂತೆ. ಕೊಯ್ಯುವುದು ಹೊಟ್ಟೆಯನ್ನು, ಮನಸ್ಸಿಗೇನು ಕೆಲಸ ಎಂದು ಗೊಣಗುತ್ತಲೇ ಟೈಲರಮ್ಮ ಜೊತೆಗೆ ಹೋದಳು. ಅಲ್ಲಿ ಪುಟ್ಟಿ ಕೈಚೀಲವನ್ನು ಅವುಚಿಕೊಂಡು, "ಸಣ್ಣಗಾದ ಮೇಲೂ ಯಾರಿಗೂ ನಾನು ಬೇಡವಾದ್ರೆ? ದಪ್ಪ ಇದ್ದೀನಿ ಅನ್ನೋ ನೆಪಾನೂ ಆಗ ಇರಲ್ಲ" ಎಂದಳು. ಟೈಲರಮ್ಮ ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡಳು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮೊದಲು ಚಮಚದಲ್ಲಿ ನೀರು, ಆಮೇಲೆ ಗಂಜಿ, ಆಮೇಲೆ ಹಿಡಿಯಷ್ಟು ಅನ್ನ. ಪುಟ್ಟಿ ದಿನದಿನಕ್ಕೆ ಇಳಿದಳು. ಆದರೆ ಬಾಗಿಲಲ್ಲಿ ಈಗಲೂ ಅಡ್ಡವಾಗಿಯೇ ನುಸುಳುವಳು; ಕುರ್ಚಿಯನ್ನು ಎರಡು ಸಲ ಅಲ್ಲಾಡಿಸಿ ನೋಡಿದ ಮೇಲೆಯೇ ಕೂರುವಳು.

ಮೂರು ತಿಂಗಳಾದ ಮೇಲೆ ಒಂದು ದಿನ ಕಚೇರಿಯಿಂದ ಬಂದವಳೇ ಗೋಡೆಗೆ ಮುಖ ಮಾಡಿ ಮಲಗಿದಳು. "ನಾನೇನೂ ಸಣ್ಣಗಾಗಿಲ್ಲ ಅತ್ತಿಗೆ. ಸುಮ್ನೆ ಕೊಯ್ಸಿಕೊಂಡೆ. ಇನ್ನು ಆಸ್ಪತ್ರೆಗೂ ಹೋಗಲ್ಲ, ಡಾಕ್ಟರು ಕೊಟ್ಟ ಆ ಪುಡಿ ಕದಡಿದ ಹಾಲೂ ಕುಡಿಯಲ್ಲ."

"ತೂಕದ ಮಿಷನ್ನು ಇಪ್ಪತ್ತೆರಡು ಕಿಲೋ ಇಳಿದಿದೆ ಅಂತಲ್ಲೇ!"

"ಅದು ಅವರ ಮಿಷನ್ನು, ಅವರು ಹೇಳಿದ ಹಾಗೆ ಕೇಳುತ್ತೆ. ಬಟ್ಟೆ ಸುಳ್ಳು ಹೇಳುತ್ತಾ? ಅದೇ ಅಂಗಿ, ಅದೇ ಬಿಗಿ!"

ಟೈಲರಮ್ಮನಿಗೆ ವಿಪರೀತ ಕೆಮ್ಮು ಬಂತು.

ಮರುದಿನ ಕೈಹಿಡಿದು ಎಳೆದುಕೊಂಡೇ ಆಸ್ಪತ್ರೆಗೆ ಕರೆದೊಯ್ದಳು. ಮನಸ್ಸಿನ ಡಾಕ್ಟರಮ್ಮ ಅಂಗಿಯ ಮಾತೆಲ್ಲ ಕೇಳಿಸಿಕೊಂಡು, ಪುಟ್ಟಿಯ ಅಂಗಿಯ ಅಂಚನ್ನು ಮಗುಚಿ ನೋಡಿದರು. ಒಳಗೆ ಎರಡೂ ಪಕ್ಕದಲ್ಲಿ ಅಂಗೈ ಅಗಲದ ಬಟ್ಟೆ ಮಡಿಸಿ ಕೂತಿತ್ತು. ಅಚ್ಚುಕಟ್ಟಾದ ಹೊಲಿಗೆ, ಊರಲ್ಲಿ ಇನ್ನೊಬ್ಬರ ಕೈಯಲ್ಲಿ ಆಗದ್ದು.

"ನಾನೇ," ಎಂದಳು ಟೈಲರಮ್ಮ. "ಶನಿವಾರ ಇಸ್ತ್ರಿ ಮಾಡುವಾಗ ಸ್ವಲ್ಪ ಸ್ವಲ್ಪ ಒಳಗೆ ಹಿಡೀತಿದ್ದೆ. ಎರವಲು ಅಂಗಿ ತೊಟ್ಟ ಹಾಗೆ ಜೋಲಾಡಿದ್ರೆ ಕಚೇರೀಲಿ ಏನಂತಾರೆ? ಟೈಲರ್ ಮನೆಯವಳು ಕಣ್ರೀ ಇವಳು!" ಸ್ವಲ್ಪ ತಡೆದು, ಇನ್ನೂ ಸಣ್ಣ ದನಿಯಲ್ಲಿ ಹೇಳಿದಳು: "ಅದಕ್ಕೆ ಮುಂಚೆ ಹದಿನೈದು ವರ್ಷ, ಬಿಗಿ ಆಯ್ತು ಅಂತ ಮಗು ನೊಂದ್ಕೋಬಾರ್ದು ಅಂತ, ಗೊತ್ತಾಗದ ಹಾಗೆ ಹೊಲಿಗೆ ಬಿಚ್ಚಿ ಅಗಲ ಮಾಡಿದವಳೂ ನಾನೇ. ಒಳಗೆ ಬಿಚ್ಚೋಕೆ ಬಟ್ಟೆ ಮುಗಿದ ಮೇಲೇ ಪಟ್ಟಿ ಕೊಟ್ಟಿದ್ದು."

ಮಗುವಿಗೆ ನಲವತ್ತಾರು ವರ್ಷ.

ಮನೆಯಲ್ಲಿ ಪುಟ್ಟಿ ಸಣ್ಣ ಕತ್ತರಿ ಹಿಡಿದು ಕೂತು ಅತ್ತಿಗೆ ಒಳಗೆ ಹಿಡಿದ ಹೊಲಿಗೆಯನ್ನೆಲ್ಲ ಬಿಚ್ಚಿದಳು. ಟೈಲರಮ್ಮ ಬಾಗಿಲಲ್ಲಿ ನಿಂತು ಸೆರಗು ಹಿಂಡಿದಳು. ಇನ್ನು ಈ ಹುಡುಗಿ ನನ್ನ ಕೈಯ ನೂಲನ್ನೂ ಮುಟ್ಟಲಾರಳು ಅನ್ನಿಸಿತು. ಪುಟ್ಟಿ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಳು. ಎರಡೂ ಪಕ್ಕದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದಳು. ಎಳೆದಷ್ಟೂ ಬಂತು. ಇನ್ನೊಬ್ಬಳು ಸಲೀಸಾಗಿ ಒಳಗೆ ಬಂದು ನಿಲ್ಲಬಹುದಿತ್ತು. ಮೊದಲು ನಗು ಬಂತು, ಹಿಂದೆಯೇ ಅಳು. ಕೊನೆಗೆ ಯಾವುದು ಯಾವುದೆಂದು ಅವಳಿಗೇ ತಿಳಿಯಲಿಲ್ಲ.

"ಅತ್ತಿಗೆ, ಅಳತೆ ತಗೊಳ್ಳಿ. ಮನಸ್ಸಲ್ಲೇ ಇಟ್ಕೋಬೇಡಿ, ಗಟ್ಟಿಯಾಗಿ ಹೇಳಿ."

ಟೈಲರಮ್ಮ ಸೊಂಟಕ್ಕೆ ಟೇಪು ಸುತ್ತಿ ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಮೂವತ್ತೆಂಟು!"

"ಇನ್ನೊಂದ್ಸಲ."

"ಮೂವತ್ತೆಂಟು ಕಣೇ, ನನ್ನ ತಾಯಿ!"

ಪುಟ್ಟಿ ಕಣ್ಣೊರೆಸಿಕೊಂಡು, ಮೊದಲ ಬಾರಿಗೆ ಕಾಣುವವಳ ಹಾಗೆ ಅತ್ತಿಗೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಮೂರು ತಿಂಗಳಿಂದ ನಾನು ತಟ್ಟೇಲಿ ಬಿಟ್ಟಿದ್ದೆಲ್ಲ ಎಲ್ಲಿಗೆ ಹೋಯ್ತು ಅತ್ತಿಗೆ?"

"ಚೆಲ್ಲೋಕಾಗುತ್ತೇನೇ?"

"ಹಾಗಾದ್ರೆ ಆ ಟೇಪು ಇಲ್ಲಿ ಕೊಡಿ," ಎಂದು ಕೈ ಚಾಚಿದಳು ಪುಟ್ಟಿ. "ಈಗ ನೀವು ನಿಂತ್ಕೊಳ್ಳಿ."