ಎರಡನೇ ಸೊಲ್ಲಿನವಳ ಅಹವಾಲು

ಹಾರವಾಡ, ೧೨ ಫೆಬ್ರುವರಿ ೨೦೦೬

ಅಧ್ಯಕ್ಷರು, ಹಾಡು ಆಯ್ಕೆ ಸಮಿತಿ,
‘ಕಡಲಂಚು’ ಧ್ವನಿಮುದ್ರಣ ಸಂಸ್ಥೆ, ಹಬ್ಬುವಾಡ, ಕಾರವಾರ

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಆರು ಮಂದಿ ವಿದ್ವಾಂಸರಿಗೂ, ತಮ್ಮ ಹರಿತವಾದ ಕತ್ತರಿಗೂ ಹೀರಾ ಎಂಬ ನಿವೃತ್ತ ಶಾಲಾ ಶಿಕ್ಷಕಿಯ ಸಾಷ್ಟಾಂಗ ವಂದನೆಗಳು. ನಮ್ಮೂರಿನ ಹಾಡುಗಾರ್ತಿ ಸುಗಂಧಾಳ ನಲವತ್ತು ವರ್ಷದ ಹಾಡುಗಳನ್ನು ತಾವು ಐದು ಸಿಡಿಗಳ ಚೆಂದದ ಪೆಟ್ಟಿಗೆಯಲ್ಲಿ ಹೊರತಂದಿರುವುದನ್ನೂ, ಮೀನು ಮಾರಿ ಬದುಕಿದ ಹೆಂಗಸಿನ ಮುಖ ಆ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದನ್ನೂ ಕಂಡು ಇಡೀ ಕೇರಿ ಹಿರಿಹಿರಿ ಹಿಗ್ಗಿದೆ. ನಾನೂ ಹಿಗ್ಗಿದ್ದೇನೆ.

ಆಯ್ಕೆ ತಮಗೆ ಸುಲಭವಾಗಿರಲಿಲ್ಲವೆಂದು ಬಲ್ಲೆ. ಅರಿಶಿಣ ಹಚ್ಚುವ ಹಾಡು ಬೇಕೇ ಬೇಕೆಂದು ಒಬ್ಬರು, ಬೀಗರನ್ನು ಬೈಯುವ ಹಾಡು ಸಭ್ಯವಲ್ಲವೆಂದು ಇನ್ನೊಬ್ಬರು, ಬೈಗುಳವಿಲ್ಲದೆ ಮದುವೆಯೇ ಇಲ್ಲವೆಂದು ಮತ್ತೊಬ್ಬರು ನಮ್ಮ ಜಗುಲಿಯಲ್ಲೇ ಕೂತು ಮೂರು ದಿನ ಜಗಳವಾಡಿ, ಮೂರೂ ದಿನ ನಮ್ಮ ಬಂಗಡೆ ಸಾರನ್ನು ಮಾತ್ರ ಒಮ್ಮತದಿಂದ ಉಂಡು, ಕೊನೆಗೆ ಅರವತ್ತು ಹಾಡುಗಳಲ್ಲಿ ಒಂದನ್ನೂ ಬಿಡಲು ಮನಸ್ಸಾಗದೆ ತಾವು ನನ್ನನ್ನು ಬಿಟ್ಟಿರಿ.

ನಮ್ಮಲ್ಲಿ ಒಬ್ಬಳು ಸಾಲು ಎತ್ತಿದರೆ ಇನ್ನೊಬ್ಬಳು ಅದನ್ನೇ ತಿರುಗಿ ಹಾಡುತ್ತಾಳೆ. ಮೊದಲಿನವಳು ಉಸಿರು ತೆಗೆದುಕೊಂಡು ಮುಂದಿನ ಸಾಲು ನೆನೆಸಿಕೊಳ್ಳುವುದು ಆ ಹೊತ್ತಿನಲ್ಲೇ. ಮೂವತ್ತೊಂದು ವರ್ಷ ಸುಗಂಧಾಳ ಹಿಂದೆ ಆ ಎರಡನೇ ಸೊಲ್ಲು ಹಾಡಿದವಳು ನಾನು. ಹೇಳಿದ್ದನ್ನೇ ಹೇಳುವುದು ಜಾಗಕ್ಕೆ ದಂಡವೆಂದು ತಾವು ಒಂದು ಸಾಲನ್ನೂ ಬಿಡದೆ ನನ್ನ ದನಿಯನ್ನು ಕತ್ತರಿಸಿ ಹಾಕಿದ್ದೀರಿ. ನನ್ನ ಗಂಡನಿಂದಲೂ, ಶಾಲೆ ತಪಾಸಣೆಗೆ ಬಂದ ಅಧಿಕಾರಿಗಳಿಂದಲೂ ಆಗದ ಈ ಬಾಯಿ ಮುಚ್ಚಿಸುವ ಕೆಲಸವನ್ನು ಒಂದೇ ಮಧ್ಯಾಹ್ನದಲ್ಲಿ ಸಾಧಿಸಿದ ತಮಗೆ ಯಾವ ಶಾಲು ಹೊದಿಸಿದರೂ ಕಡಿಮೆಯೇ.

ಇಂಥ ದಕ್ಷತೆ ಸಿಡಿಗಷ್ಟೇ ನಿಲ್ಲಬಾರದು. ಹಾರವಾಡದ ತೆರೆಗಳು ಒಂದರ ಹಿಂದೊಂದು ಬಂದು ಅದನ್ನೇ ಹೇಳುತ್ತಿವೆ. ಎರಡನೆಯದನ್ನೆಲ್ಲ ತೆಗೆಸಿಕೊಟ್ಟರೆ ದೋಣಿ ಎಳೆಯುವವರಿಗೆ ಅನುಕೂಲ. ಕಾರವಾರದಿಂದ ಅಂಕೋಲೆಗೆ ಹೋದ ಬಸ್ಸು ಅದೇ ದಾರಿಯಲ್ಲಿ ತಿರುಗಿ ಬರುವ ದುಂದುಗಾರಿಕೆಯನ್ನೂ ತಾವೇ ನಿಲ್ಲಿಸಬೇಕು. ಸಪ್ತಪದಿಗೆ ಒಂದು ಹೆಜ್ಜೆ ಸಾಕು.

ಮೊನ್ನೆ ಸುಗಂಧಾ ನಮ್ಮ ಮನೆಗೆ ಬಂದು ಸಿಡಿ ಹಾಕಿಸಿಕೊಂಡು ಕೇಳಿದಳು. ಎರಡು ಹಾಡು ಮುಗಿಯುವಷ್ಟರಲ್ಲಿ, “ಹೀರಾ, ಇದ್ರಲ್ಲಿ ನೀ ಎಲ್ ಹೋದ್ಯೇ ಮಾರಾಯ್ತಿ? ಉಸ್ರ ತಕಳೂಕೂ ಪುರ್ಸೊತ್ತಿಲ್ದೆ ನಾ ಒಬ್ಳೇ ಓಡ್ದಂಗೆ ಕೇಳ್ತದೆ, ಬಂದ್ ಮಾಡು” ಎಂದಳು. ನಾನು ಬಂದ್ ಮಾಡಿದೆ. ಸುತ್ತಿ ಬಳಸಿ ಹೇಳುವುದಿಲ್ಲ ಮಾನ್ಯರೇ, ನನಗೆ ನೋವಾಗಿದೆ. ಅವಳಿಗೆ ಈಗ ಎಪ್ಪತ್ತು ಹತ್ತಿರ, ಗಂಟಲು ಬಿದ್ದುಹೋಗಿದೆ. ನಾವಿಬ್ಬರೂ ಇನ್ನು ಜೊತೆಗೆ ಹಾಡುವುದಿಲ್ಲ. ಹಾಡಿದ್ದು ಉಳಿದಿರುವುದು ತಮ್ಮ ಕಪಾಟಿನ ಮೂಲ ಟೇಪುಗಳಲ್ಲಿ ಮಾತ್ರ. ಮುಂದಿನ ತಿಂಗಳು ಎರಡನೇ ಸಲ ಪೆಟ್ಟಿಗೆ ತರುವಾಗ ಮೂವತ್ತೇ ಹಾಡು ಹಾಕಿ, ಯಾವುದನ್ನು ಬಿಡಬೇಕೆಂದು ಇನ್ನೂ ಮೂರು ದಿನ ಜಗಳವಾಡಿ, ಆದರೆ ಹಾಕಿದ್ದನ್ನು ಇಡಿಯಾಗಿ ಹಾಕಿ.

ತಮ್ಮ ಉತ್ತರದ ದಾರಿ ಕಾಯುವ,
ತಮ್ಮ ವಿಶ್ವಾಸಿ,
ಹೀರಾ

ತಾ.ಕ.: ಪೆಟ್ಟಿಗೆಯೊಳಗಿನ ಪುಸ್ತಿಕೆಯಲ್ಲಿ ತಾವು ಹದಿನಾಲ್ಕನೇ ಹಾಡನ್ನು ‘ಸುಗಂಧಾ ಅವರ ಕಂಠಸಿರಿಯ ಶಿಖರ’ ಎಂದು ಒಂದೂವರೆ ಪುಟ ಕೊಂಡಾಡಿದ್ದೀರಿ. ಅದನ್ನು ಟೇಪಿಗೆ ಹಾಡಿದ ದಿನ ಅವಳಿಗೆ ಕೆಮ್ಮು. ಸಾಲು ಎತ್ತಿದವಳು ನಾನು, ತಿರುಗಿ ಹಾಡಿದವಳು ಅವಳು. ತಾವು ಕತ್ತರಿಸಿದ್ದು ಸುಗಂಧಾಳನ್ನು. ಹೊಗಳಿಕೆ ನನಗೆ ತಲುಪಿದೆ.