ಅತ್ತೆ ಬಾವಿಗೆ ಹಾರಿದ ಸುದ್ದಿ

ನಮ್ಮತ್ತೆ ಬಾವಿಗೆ ಬಿದ್ದಷ್ಟು ಸಲ ಗೌರಿಬಿದನೂರಿನ ಕೊಡಗಳೂ ಬಿದ್ದಿರಲಾರವು! ಹೀಗೆಂದ ಕೂಡಲೇ ನನ್ನನ್ನು ಹಾಗೆ ನೋಡಬೇಡಿ, ದಮ್ಮಯ್ಯ. ಸೊಸೆಯ ಕಾಟ ತಡೆಯಲಾರದೆ ಬಿದ್ದವರಲ್ಲ ಅವರು, ಖುಷಿಗೆ ಬಿದ್ದವರು. ಬಿದ್ದು, ಒಳಗೇ ಎರಡು ಸುತ್ತು ಹಾಕಿ, ಮೆಟ್ಟಿಲು ಹತ್ತಿ ಬಂದು, ಒದ್ದೆ ಸೀರೆಯಲ್ಲೇ ಹಿತ್ತಲಲ್ಲಿ ನಿಂತು "ಕಾಫಿ ಆಯ್ತೇನಮ್ಮಾ?" ಎಂದು ಕೇಳಿದವರು. ಅವರಿಗೆ ಕಾಫಿ ಸಿಕ್ಕಿತು. ನನಗೆ ಸಿಕ್ಕಿದ್ದು ಊರ ಮುಂದೆ ತಲೆ ಎತ್ತಲಾಗದಷ್ಟು ಅವಮಾನ.

ನಾನು ಚಿಂತಾಮಣಿಯ ಮೇಷ್ಟರ ಮಗಳು. ಹೆಣ್ಣುಮಕ್ಕಳು ನಕ್ಕರೆ ಹಲ್ಲು ಕಾಣಬಾರದು, ನಡೆದರೆ ಸದ್ದಾಗಬಾರದು ಎನ್ನುವ ಮನೆಯಲ್ಲಿ ಬೆಳೆದವಳು. ಗೌರಿಬಿದನೂರಿನಲ್ಲಿ ಸರ್ಕಾರಿ ಗುಮಾಸ್ತರ ಕೈಹಿಡಿದ ಮೇಲೆ ನನ್ನ ಮಗನನ್ನೂ ಹಾಗೆಯೇ, ಮಣ್ಣು ಸೋಕದಂತೆ ಬೆಳೆಸಿದೆ. ಮೂರು ವರ್ಷ ತುಂಬಿದರೂ ಅವನ ಅಂಗಾಲು ಬೆಣ್ಣೆಯಂತಿತ್ತು. ಅದು ನನಗೆ ಹೆಮ್ಮೆ! ಅಂಗಳಕ್ಕೆ ಇಳಿಸಿದರೆ ಕಾಲು ಮಡಚಿಕೊಂಡು ಕಿರುಚುತ್ತಿದ್ದ. ಕೋಳಿ ಕಂಡರೆ ಭಯ, ಸೂರಿನಿಂದ ಹನಿ ಬಿದ್ದರೆ ಭಯ. ತಲೆಯ ಮೇಲೆ ಒಂದು ಚೊಂಬು ನೀರು ಸುರಿದರಂತೂ ಮುಗಿಯಿತು. ನಮ್ಮ ಮನೆಯಲ್ಲಿ ಎರೆದುಕೊಳ್ಳುವ ದಿನ ಯಾವುದೆಂದು ರೈಲ್ವೇ ಸ್ಟೇಷನ್ನಿನವರಿಗೂ ಗೊತ್ತಿತ್ತು.

ಹೀಗಿರುವಾಗ ಸಾದಲಿಯಿಂದ ಅತ್ತೆ ಬಂದರು. ಊರಲ್ಲಿ ಹೊಲ, ರೇಷ್ಮೆಹುಳ ಎಲ್ಲವನ್ನೂ ದೊಡ್ಡ ಮಗನಿಗೆ ಒಪ್ಪಿಸಿ, ಚಿಕ್ಕ ಮಗನ ಸಂಸಾರ ನೋಡಲೆಂದು ಬಂದವರು. ಬಂದವರೇ ನನ್ನ ಸೊಂಟದ ಮೇಲಿದ್ದ ಮೊಮ್ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇದೇನಮ್ಮಾ, ಮಗೂನ ಸಾಕಿದೀಯೋ, ಹುಳ ಸಾಕಿದೀಯೋ? ರೇಷ್ಮೆಹುಳಾನೂ ನಾಕು ಸಲ ಜ್ವರ ಎದ್ದು, ಪೊರೆ ಬಿಟ್ಟು, ತಾನೇ ಗೂಡು ಕಟ್ತದೆ. ಇವನು ಸೊಂಟ ಬಿಟ್ಟು ಇಳಿಯಂಗೇ ಇಲ್ವಲ್ಲ!"

ಮಾರನೆಯ ದಿನವೇ ಮಗನ ಅಂಗಿ ಕಳಚಿ, ಬರೀ ಉಡಿದಾರದಲ್ಲಿ ಅವನನ್ನು ಬೀದಿಗೆ ಹೊತ್ತುಕೊಂಡು ಹೋದರು. ಅವನು ಅತ್ತ, ಅವರು ತಿರುಗಿಯೂ ನೋಡಲಿಲ್ಲ. ತಾವೇ ಬೀದಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಮಣ್ಣು ಕಲಸಿ ಒಲೆ ಹೂಡಿ, ಮಣ್ಣಿನ ಮುದ್ದೆ ಕಟ್ಟಲು ಶುರು ಮಾಡಿದರು. ಅಷ್ಟು ಹೊತ್ತಿಗೆ ಯಾರು ಬರಬೇಕು? ನಮ್ಮವರ ಸಾಹೇಬರ ಹೆಂಡತಿ! ಅರಿಶಿನ ಕುಂಕುಮಕ್ಕೆಂದು ನಾನೇ ಕರೆದಿದ್ದೆ. ಅತ್ತೆ ಆಕೆಯ ಮುಂದೆ ಮುತ್ತುಗದ ಎಲೆಯೊಂದನ್ನು ಚಾಚಿ, "ಬನ್ನಿ ತಾಯಿ, ಮುದ್ದೆ ಬಿಸಿಬಿಸಿಯಾಗೈತೆ, ಕೂತ್ಕಳಿ" ಎಂದರು. ಆಕೆ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು, ಕುಂಕುಮವನ್ನೂ ತೆಗೆದುಕೊಳ್ಳದೆ ಬಂದ ದಾರಿಯಲ್ಲೇ ಹೋದರು. ನಾನು ಬಾಗಿಲ ಹಿಂದೆ ನಿಂತು ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ನನ್ನ ಮಗ ಮಾತ್ರ ಎರಡು ಕೈಗೂ ಮಣ್ಣು ಮೆತ್ತಿಕೊಂಡು ಕೇಕೆ ಹಾಕಿ ನಗುತ್ತಿದ್ದ.

ಇಷ್ಟಕ್ಕೇ ಬಿಟ್ಟರೆ ನಮ್ಮತ್ತೆ ಹೇಗಾದಾರು? ಮನೆಯ ಹಿಂದಿನ ತೋಟದಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯಿತ್ತು. ಒಳಗಿಳಿಯಲು ಕಲ್ಲಿನ ಮೆಟ್ಟಿಲು, ಒಂದು ಮನೆಯಷ್ಟಗಲ ನೀರು. ಮಗುವಿಗೆ ಅಲ್ಲಿ ಈಜು ಕಲಿಸಬೇಕೆಂದು ಅವರು ನಿರ್ಧರಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಮೊದಲು ತಾವು ಆಳ ನೋಡಿ ಬರೋಣವೆಂದು ಒಬ್ಬರೇ ಹೋಗಿ, ಸೀರೆಯನ್ನು ಕಚ್ಚೆ ಕಟ್ಟಿ, ಮೇಲಿನಿಂದಲೇ ಧುಮುಕಿದರು. ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳಿಗೆ ಕಂಡದ್ದು ಒಂದು ಸೀರೆ, ಕೇಳಿಸಿದ್ದು ಧುಡುಂ ಎಂಬ ಸದ್ದು.

"ಅಯ್ಯಯ್ಯೋ! ಗುಮಾಸ್ತರ ತಾಯಿ ಬಾವಿಗೆ ಬಿದ್ರೂ!"

ನಮ್ಮ ಕಡೆ ಹೆಂಗಸು ಬಾವಿಗೆ ಬಿದ್ದಳೆಂದರೆ ಏನರ್ಥ ಎಂಬುದನ್ನು ಬಿಡಿಸಿ ಹೇಳಬೇಕೆ? ಕಾರಣ ಯಾರು ಎಂಬುದನ್ನು ಹುಡುಕಬೇಕಾಗಿಯೂ ಇಲ್ಲ. ಇಡೀ ಬೀದಿ ಹಗ್ಗ, ಏಣಿ, ಬಿದ್ದ ಕೊಡ ಎತ್ತುವ ಪಾತಾಳಗರಡಿ ಹಿಡಿದುಕೊಂಡು ಓಡಿತು. ನಾನು ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಸಾರಿನ ಸೌಟು ಹಿಡಿದೇ ಓಡಿದೆ.

"ಏನಂದೆ ಅವರಿಗೆ? ನಿಜ ಹೇಳು!" ಎಂದು ಪಕ್ಕದ ಮನೆಯಾಕೆ ನನ್ನ ರಟ್ಟೆ ಹಿಡಿದಳು.

"ಏನೂ ಇಲ್ಲ ಕಣ್ರೀ! ಅಡಿಗೆ ಸ್ವಲ್ಪ ತಡ ಆಗತ್ತೆ ಅಂದೆ, ಅಷ್ಟೇ!"

"ಕೇಳಿದ್ರಾ? ಹೊಟ್ಟೆಗೆ ಹಾಕ್ತಿರ್ಲಿಲ್ವಂತೆ!" ಎಂದು ಆಕೆ ಹಿಂದಿನವರಿಗೆ ದಾಟಿಸಿದಳು.

ಎಲ್ಲರೂ ಬಾವಿಗೆ ಬಗ್ಗಿದೆವು. ಅತ್ತೆ ನೀರಿನ ಮೇಲೆ ಅಂಗಾತ ಮಲಗಿ ಆರಾಮವಾಗಿ ತೇಲುತ್ತಿದ್ದರು. ಸುತ್ತಲೂ ಇಷ್ಟೊಂದು ತಲೆಗಳನ್ನು ಕಂಡು ಅವರಿಗೇ ಗಾಬರಿಯಾಯಿತು.

"ಏನ್ರಪ್ಪಾ? ಯಾರು ಬಿದ್ದಿರೋದು?"

ಅಂದಿನಿಂದ ನನ್ನ ಪಾಡು ಯಾರಿಗೂ ಬೇಡ. ಸೊಪ್ಪಿನವಳು ಬುಟ್ಟಿ ಇಳಿಸುವ ಮೊದಲೇ "ಇವತ್ತು ಬಿದ್ದಾಯ್ತೇನಮ್ಮಾ ನಿಮ್ಮತ್ತೆ?" ಎಂದು ಕೇಳುತ್ತಿದ್ದಳು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು, ಸಂದಿಗೊಂದಿಗಳಲ್ಲೇ ಓಡಾಡಿದೆ. ಅತ್ತೆಗೆ ಅದು ಯಾವುದೂ ತಟ್ಟಲಿಲ್ಲ. ದಿನಾ ಬೆಳಗ್ಗೆ ಮಗುವಿನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಹೊರಟೇಬಿಡುತ್ತಿದ್ದರು. ಮೊದಮೊದಲು ಅವನು ಹಲ್ಲಿಯಂತೆ ಅವರ ಕತ್ತಿಗೆ ಅಂಟಿಕೊಂಡು ಕಿರುಚುತ್ತಿದ್ದ. ಅವರು ಒಂದು ದಿನ ಪಾದ ಮುಳುಗಿಸಿದರು, ಇನ್ನೊಂದು ದಿನ ಮಂಡಿ. ಒಂದು ಸಂಜೆ ನಾನು ಬಚ್ಚಲಲ್ಲಿ ಹೆದರಿಕೊಂಡೇ ಅವನ ತಲೆಗೆ ನೀರು ಸುರಿದೆ. ಅವನು ಮುಖ ಒರೆಸಿಕೊಂಡು, "ಇನ್ನೊಂದು ಚೊಂಬು!" ಎಂದ. ನನಗೆ ಕೇಳಿಸಿತು. ಆದರೆ ಕೇಳಿಸಿತೆಂದು ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ.

ಕೊನೆಗೆ ಆಫೀಸಿನಲ್ಲಿ ಸಾಹೇಬರೇ ಎಲ್ಲರೆದುರು ನಮ್ಮವರನ್ನು, "ಏನ್ರೀ, ತಾಯಿಯವರು ಒಣಗಿದ್ರಾ?" ಎಂದು ಕೇಳಿಬಿಟ್ಟರಂತೆ. ಇವರು ಮನೆಗೆ ಬರುವಾಗ ಮುಖ ಕುಂಕುಮದ ಹಾಗಿತ್ತು.

"ಸಾಕು. ಭಾನುವಾರ ಅಮ್ಮನ್ನ ಸಾದಲಿಗೆ ಬಸ್ಸು ಹತ್ತಿಸಿಬಿಡೋಣ. ನೀನೇ ಹೇಳು."

"ನಾನ್ಯಾಕೆ? ನಿಮ್ಮಮ್ಮ ತಾನೇ!"

"ನಾನು ಹೇಳಿದ್ರೆ ನೊಂದ್ಕೋತಾಳೆ ಕಣೇ."

"ನಾನು ಹೇಳಿದ್ರೆ?"

"ಅತ್ತೆ ಸೊಸೆ ಅಂದ್ಮೇಲೆ ಅದೆಲ್ಲ ಇದ್ದಿದ್ದೇ!"

ಭಾನುವಾರ ಬೆಳಗ್ಗೆ, ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಾವಿಯ ಹತ್ತಿರ ಹೋದೆ. ಅತ್ತೆ ನೀರೊಳಗಿನ ಮೆಟ್ಟಿಲ ಮೇಲೆ ಎದೆಮಟ್ಟ ನೀರಿನಲ್ಲಿ ನಿಂತಿದ್ದರು. ಮಗುವಿನ ಬೆನ್ನಿನ ಮೇಲೆ ಬುರುಡೆ ಇರಲಿಲ್ಲ. ಅವನು ಗದ್ದ ಮೇಲೆತ್ತಿ, ಪಟಪಟ ಕಾಲು ಬಡಿಯುತ್ತಿದ್ದ.

"ಬಿಡಬೇಡ ಅಜ್ಜೀ!"

"ಬಿಡಾಕಿಲ್ಲ ನಾಯನಾ. ಹಿಡ್ಕಂಡೇ ಇವ್ನಿ. ಪದ, ಪದ, ಮುಂದಕ್ಕೆ ಹೋಗು!"

ಅವರು ಹಿಡಿದುಕೊಂಡಿರಲಿಲ್ಲ. ತಿಳಿನೀರಿನಲ್ಲಿ ನನಗೆ ಮೇಲಿನಿಂದ ಎಲ್ಲವೂ ಕಾಣುತ್ತಿತ್ತು. ಅವರ ಎರಡು ಅಂಗೈಗಳೂ ಅವನ ಹೊಟ್ಟೆಯಿಂದ ಗೇಣು ಕೆಳಗೆ, ಅವನನ್ನು ಮುಟ್ಟದೆ, ಅವನು ಹೋದತ್ತ ಹೋಗುತ್ತಿದ್ದವು. ಆ ಕೈಗಳು ಗಡಗಡ ನಡುಗುತ್ತಿದ್ದವು. ಊರೆಲ್ಲ ನೋಡುತ್ತಿರಲು ಅಂಗಾತ ತೇಲಿದ ಆ ಹೆಂಗಸಿನ ಮುಖ ಹೆದರಿಕೆಯಿಂದ ಬಿಳಿಚಿಕೊಂಡಿತ್ತು. ಉಸಿರು ಕೂಡ ಬಿಟ್ಟಂತೆ ಕಾಣಲಿಲ್ಲ.

ಮಗು ಮೆಟ್ಟಿಲು ಮುಟ್ಟಿತು. ಕೆಮ್ಮಿ, ಮೂಗೊರೆಸಿಕೊಂಡು, ತಲೆ ಎತ್ತಿ ನನ್ನನ್ನು ನೋಡಿತು.

"ಅಮ್ಮಾ! ನೋಡ್ದ್ಯಾ?"

ನೋಡಿದೆ ಎಂದು ತಲೆಯಾಡಿಸಿದೆ. ಮೆಟ್ಟಿಲು ಇಳಿದು ಹತ್ತಿರ ಹೋದೆ. ಅತ್ತೆ ನನ್ನ ಕಿವಿಯ ಬಳಿ ಬಂದು ಪಿಸುಗುಟ್ಟಿದರು:

"ಬಿಟ್ಟಿದ್ದೆ ಅಂತ ಅವನಿಗೆ ಹೇಳ್ಬ್ಯಾಡ ಕಣಮ್ಮಾ. ಇನ್ನೊಂದು ನಾಕು ದಿನ ಅಜ್ಜಿ ಹಿಡ್ಕಂಡವ್ಳೆ ಅಂತಲೇ ಇರ್ಲಿ. ಆಮೇಲೆ ಅವನೇ ನನ್ನ ಬಿಡ್ತಾನೆ."

ಆಮೇಲೆ ನನ್ನ ಮುಖವನ್ನೇ ದಿಟ್ಟಿಸಿ ಕೇಳಿದರು. "ನೀನ್ಯಾಕೆ ಬಂದೆ? ಏನೋ ಹೇಳಕ್ಕೆ ಬಂದಂಗೈತೆ."

ಇಷ್ಟು ದಿನ ಅವರಿಂದ ನಾಚಿಕೆಪಟ್ಟಿದ್ದ ನನಗೆ, ಈಗ ನಾಲಿಗೆಯ ತುದಿಯಲ್ಲಿದ್ದ ನನ್ನ ಮಾತಿನಿಂದಲೇ ನಾಚಿಕೆಯಾಯಿತು. ಅದನ್ನು ನುಂಗಿಕೊಂಡು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ.

"ನಂಗೂ ನೀರು ಕಂಡ್ರೆ ಭಯ ಅತ್ತೆ. ಇಳಿಸ್ಕೋತೀರಾ?"

ಅವರು "ಬಾರಮ್ಮಾ" ಎಂದು ಕೈ ಚಾಚಿದರು. ಆ ಕೈ ಇನ್ನೂ ನಡುಗುತ್ತಲೇ ಇತ್ತು.